ಕಬ್ಬಿನ ಗ್ಯಾಂಗ್ ಮತ್ತು ಊರಿನ ಸಿಟ್ಟು: ಮುಧೋಳ ಸೀಮೆಯ ಒಂದು ಪ್ರಕರಣ ಅಧ್ಯಯನ

ದೀಪಾವಳಿ ಕಳೆದ ಕೂಡಲೇ ಘಟಪ್ರಭೆಯ ದಂಡೆಯ ಕಬ್ಬಿನ ಊರುಗಳಲ್ಲಿ ಒಂದು ಹೊಸ ಓಣಿ ಏಳುತ್ತದೆ. ಬಿದಿರಿನ ಗಳ, ಕಬ್ಬಿನ ರವದಿ (ಒಣ ಎಲೆ), ನೀಲಿ ತಾಡಪತ್ರಿ ಸೇರಿಸಿ ಕಟ್ಟಿದ ಹತ್ತು ಹನ್ನೆರಡು ಜೋಪಡಿ, ಎದುರಿಗೆ ಮೂರು ಕಲ್ಲಿನ ಒಲೆ. ಮಹಾರಾಷ್ಟ್ರದ ಬೀಡ, ಜಾಲ್ನಾ, ಪರಭಣಿ, ಸೋಲಾಪುರದ ಕಡೆಯಿಂದ ಕಬ್ಬು ಕಡಿಯಲು ಬಂದ ಗ್ಯಾಂಗ್ ಕಾರ್ಖಾನೆ ನಿಲ್ಲುವ ತನಕ ಅಲ್ಲೇ ಇರುತ್ತದೆ. ಪಂಚಾಯ್ತಿಯ ಯಾವ ವಹಿಯಲ್ಲೂ ಆ ಓಣಿ ಇಲ್ಲ.

ಈ ಅಧ್ಯಯನದ ಊರಿಗೆ ಹೆಸರಿಟ್ಟಿಲ್ಲ. ಮುಧೋಳ, ಜಮಖಂಡಿ, ರಾಯಬಾಗ, ಗೋಕಾಕ ತಾಲೂಕುಗಳಲ್ಲಿ ಹಂಗಾಮು ಬಂದಾಗಲೆಲ್ಲ ಕಾಣುವ ಸಂಗತಿಗಳನ್ನು ಒಂದೇ ಊರಿನ ಅಳತೆಗೆ ಕೂಡಿಸಿದೆ. ಆ ಅಳತೆ ಇಷ್ಟು: 4,000 ಜನರ ಊರು, 12 ಜೋಡಿಯ ಒಂದು ಗ್ಯಾಂಗ್, ಜೊತೆಗೆ 16 ಮಕ್ಕಳು, ಒಟ್ಟು 40 ಜನ. ನವೆಂಬರ್ ಮೂರನೇ ವಾರ ನಳದ ಹತ್ತಿರ ಜಗಳ. ಡಿಸೆಂಬರಿನಲ್ಲಿ ಹೊಲದ ಮೋಟಾರಿನ ಕೇಬಲ್ ಕಳುವಾಗಿ ಸಂಶಯ ಜೋಪಡಿಗಳ ಮೇಲೆ. ಅದಾದ ಮೇಲೆ ಪಂಚಾಯ್ತಿಗೆ ಒಂದು ಅರ್ಜಿ: ಇವರನ್ನು ಊರ ಸೀಮೆ ದಾಟಿಸಬೇಕು.

ಕಟ್ಟೆಯ ಮೇಲೆ ಕೂತವರನ್ನು ಕೇಳಿದರೆ ಒಂದೇ ಬಾಯಿಂದ ಎರಡು ಮಾತು ಬರುತ್ತವೆ. "ಪಾಪ, ಹೊಟ್ಟೀಪಾಡಿಗೆ ಬಂದಾವ ಬಿಡ್ರಿ" ಎಂಬುದು ಒಂದು. "ಇವರ ಕಾಟಾ ಸಾಕಾಗೇತ್ರಿ, ಲೂಟಿ ಮಾಡ್ತಾರ" ಎಂಬುದು ಮತ್ತೊಂದು. ಎರಡೂ ಮನಸ್ಸಿನಿಂದಲೇ ಬಂದ ಮಾತು. ಹೊರಗಿನವರನ್ನು ಒಪ್ಪುತ್ತೀರೋ ಇಲ್ಲವೋ ಎಂದು ಹೌದು-ಅಲ್ಲ ಬರೆಸಿಕೊಳ್ಳುವ ಸಮೀಕ್ಷೆಗಳು ಇಂಥ ಊರಿನ ವಿಷಯದಲ್ಲಿ ಸೋಲುವುದು ಇದಕ್ಕೇ. ನೋಡಬೇಕಾದದ್ದು ಸಿಟ್ಟು ಎಲ್ಲಿ ಹುಟ್ಟಿತು, ಯಾರ ಮೇಲೆ ಬಿತ್ತು ಎಂಬುದನ್ನು. ಈ ಪ್ರಕರಣದಲ್ಲಿ ಅದು ಹುಟ್ಟಿದ್ದು ಕಾರ್ಖಾನೆಯ ಕಟಾವಿನ ವ್ಯವಸ್ಥೆಯಲ್ಲಿ, ಬಿದ್ದದ್ದು ಜೋಪಡಿಯ ಮೇಲೆ.

ಮುಂಗಡದ ಸರಪಳಿ

ಗ್ಯಾಂಗನ್ನು ಕಾರ್ಖಾನೆ ನೇರವಾಗಿ ಕರೆತರುವುದಿಲ್ಲ. ಕಾರ್ಖಾನೆಯು ಟ್ರ್ಯಾಕ್ಟರ್ ಮಾಲೀಕನ ಜೊತೆ ಕಟಾವು-ಸಾಗಾಣಿಕೆಯ ಕರಾರು ಮಾಡಿಕೊಂಡು ಮುಂಗಡ ಕೊಡುತ್ತದೆ, ಭದ್ರತೆಗೆ ಚೆಕ್ ಬರೆಸಿಕೊಳ್ಳುತ್ತದೆ. ಮಾಲೀಕ ಮುಂಗಾರಿನ ಹೊತ್ತಿಗೇ ಮರಾಠವಾಡಾಕ್ಕೆ ಹೋಗಿ ಮುಕಾದಮನಿಗೆ, ಅಂದರೆ ಗ್ಯಾಂಗ್ ಕೂಡಿಸುವ ಮೇಸ್ತ್ರಿಗೆ, ದುಡ್ಡು ಕೊಟ್ಟು ಬರುತ್ತಾನೆ. ಮುಕಾದಮ ಅದನ್ನು ಜೋಡಿಗಳಿಗೆ ಹಂಚುತ್ತಾನೆ. ಗಂಡ-ಹೆಂಡತಿ ಸೇರಿ ಒಂದು 'ಕೊಯ್ತಾ', ಅಂದರೆ ಒಂದು ಕತ್ತಿಯ ಲೆಕ್ಕ. ಒಂಟಿ ಬಂದವರು ಅರ್ಧ ಕೊಯ್ತಾ. ಆ ಮುಂಗಡಕ್ಕೆ 'ಉಚಲ್' ಎನ್ನುತ್ತಾರೆ.

ಜೋಡಿಗೆ ಒಂದು ಲಕ್ಷ ಉಚಲ್ ಎಂದಿಟ್ಟುಕೊಳ್ಳೋಣ. ಹುರುಪಿನ ಜೋಡಿ ದಿನಕ್ಕೆ ಒಂದೂವರೆಯಿಂದ ಎರಡು ಟನ್ ಕಡಿದು, ಸೋಗೆ ತೆಗೆದು, ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು ಟ್ರೇಲರಿಗೆ ಏರಿಸುತ್ತದೆ. 2024ರ ಜನವರಿಯಲ್ಲಿ ಮಹಾರಾಷ್ಟ್ರದಲ್ಲಿ ಕಡಿಯುವ ದರ ಶೇ 34ರಷ್ಟು ಏರಿ ಟನ್ನಿಗೆ ₹366 ಆಯಿತು. ಅದನ್ನೇ ಅಳತೆಗೋಲಾಗಿ ಹಿಡಿದರೆ ಒಂದೂಮುಕ್ಕಾಲು ಟನ್ನಿಗೆ ₹640. ಇದು ಇಬ್ಬರ ಕೂಲಿ, ನಸುಕಿನಿಂದ ಕತ್ತಲೆಯವರೆಗಿನ ದುಡಿಮೆಗೆ. ಒಂದು ಲಕ್ಷ ತೀರಲು 156 ದಿನ ಬೇಕು. ನುರಿಸುವ ಹಂಗಾಮು ಅಷ್ಟು ದಿನ ನಡೆಯುವುದೇ ಅಪರೂಪ. ಮಳೆ ಬಂದ ದಿನ, ಟ್ರ್ಯಾಕ್ಟರ್ ಕಾರ್ಖಾನೆಯ ಅಂಗಳದಲ್ಲಿ ಸಾಲು ಹಚ್ಚಿ ನಿಂತ ದಿನ, ಜ್ವರ ಬಂದ ದಿನ ಕೂಲಿ ಇಲ್ಲ. ಉಳಿದ ಬಾಕಿ ಮುಂದಿನ ಹಂಗಾಮಿನ ಲೆಕ್ಕಕ್ಕೆ ಏರುತ್ತದೆ. ಬಾಕಿ ಇದ್ದವರಿಗೆ ಬೇರೆಡೆ ಹೋಗುವ ದಾರಿ ಇಲ್ಲ.

ಈ ಸರಪಳಿಯ ನಡುವಿನ ಕೊಂಡಿ, ಟ್ರ್ಯಾಕ್ಟರ್ ಮಾಲೀಕ, ನಮ್ಮ ಊರಿನವನೇ. ನಾಲ್ಕಾರು ಎಕರೆ ಹೊಲ, ಟ್ರ್ಯಾಕ್ಟರಿನ ಮೇಲೆ ಬ್ಯಾಂಕಿನ ಸಾಲ. 12 ಜೋಡಿಗೆ 12 ಲಕ್ಷ ಕೊಟ್ಟು ಬಂದವನಿಗೆ ಕೆಲವು ವರ್ಷ ಅಕ್ಟೋಬರಿನಲ್ಲಿ ಮುಕಾದಮನ ಫೋನ್ ಬಂದ್ ಆಗಿರುತ್ತದೆ, ಇಲ್ಲವೇ ಆರೇ ಜೋಡಿ ಬಂದಿರುತ್ತವೆ. ಅದೇ ಮುಕಾದಮ ಇನ್ನಿಬ್ಬರ ಹತ್ತಿರವೂ ಮುಂಗಡ ತೆಗೆದುಕೊಂಡಿದ್ದು ಆಮೇಲೆ ತಿಳಿಯುತ್ತದೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಠಾಣೆಗಳಲ್ಲಿ ಇಂಥ ದೂರು ಹೊಸತಲ್ಲ. ಬೀಡದ ಹಳ್ಳಿಯಲ್ಲಿ ಮುಕಾದಮನನ್ನು ಹುಡುಕುತ್ತ ವಾರಗಟ್ಟಲೆ ತಿರುಗಿ ಬರಿಗೈಲಿ ಬಂದ ಮಾಲೀಕನ ಮನೆಯಲ್ಲಿ 'ಆ ಕಡೆಯ ಮಂದಿ' ಎಂದರೆ ಮೋಸಗಾರರು ಎಂದೇ ಅರ್ಥ. ಆ ಮನೆಯ ಸಿಟ್ಟನ್ನು ಸಂಕುಚಿತ ಬುದ್ಧಿ ಎಂದು ತಳ್ಳಿಹಾಕುವವರು ಪ್ರಕರಣದ ಅರ್ಧವನ್ನೇ ಕಾಣುತ್ತಾರೆ. ಆದರೆ ದುಡ್ಡು ನುಂಗಿದವನು ಜೋಪಡಿಯಲ್ಲಿಲ್ಲ. ಜೋಪಡಿಯಲ್ಲಿರುವುದು ಬಂದು ದುಡಿಯುತ್ತಿರುವ ಜೋಡಿಗಳು. ಓಡಿಹೋದವರ ಬಾಕಿಯನ್ನೂ ಇವರೇ ತೀರಿಸಬೇಕು ಎಂದು ಬಿಗಿ ಮಾಡಿದಾಗ ವ್ಯವಹಾರ ಜೀತದ ಗಡಿ ಮುಟ್ಟುತ್ತದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ, ಮುಂಗಡ ಪಡೆದವರನ್ನು ಹೋಗಗೊಡದೆ ದುಡಿಸಿಕೊಳ್ಳುವುದು ಅಪರಾಧ. ದುಡಿಯುವವರು ಯಾವ ರಾಜ್ಯದವರು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. 2025ರ ಜನವರಿಯಲ್ಲಿ ವಿಜಯಪುರದ ಹೊರವಲಯದ ಇಟ್ಟಿಗೆ ಭಟ್ಟಿಯಲ್ಲಿ, ಮುಂಗಡ ಪಡೆದು ತಡವಾಗಿ ಬಂದರೆಂದು ಮೂವರನ್ನು ಪೈಪಿನಿಂದ ಬಡಿದ ವಿಡಿಯೊ ಹೊರಬಂತು. ಪೆಟ್ಟು ತಿಂದವರು ಜಮಖಂಡಿ ತಾಲೂಕಿನವರು, ಕನ್ನಡಿಗರು.

ರೈತನ ಎರಡನೇ ಪಾವತಿ

'ಲೂಟಿ' ಎಂಬ ಮಾತಿನ ಮೂಲ ಇಲ್ಲಿದೆ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಶೇ 10.25 ಸಕ್ಕರೆ ಇಳುವರಿಯ ಕಬ್ಬಿಗೆ ಕ್ವಿಂಟಲಿಗೆ ₹355 ದರ ನಿಗದಿ ಮಾಡಿತು. ಅದು ಕಾರ್ಖಾನೆಯ ಬಾಗಿಲಿಗೆ ತಲುಪಿದ ಕಬ್ಬಿನ ದರ. ಕಟಾವು-ಸಾಗಾಣಿಕೆಯ ವೆಚ್ಚವನ್ನು ರೈತನ ಬಿಲ್ಲಿನಿಂದಲೇ ಕಳೆಯುತ್ತಾರೆ. ಅಂದರೆ ಕಡಿಯುವ ಕೂಲಿಯನ್ನು ರೈತ ಒಮ್ಮೆ ಕೊಟ್ಟಾಯಿತು. ಅದಾದ ಮೇಲೆ ಗ್ಯಾಂಗ್ ಹೊಲಕ್ಕೆ ಇಳಿಯುವ ಮುಂಚೆ ಎಕರೆಗಿಷ್ಟು, ಟ್ರಿಪ್ಪಿಗಿಷ್ಟು ಎಂದು 'ಖುಷಾಲಿ' ಕೇಳುತ್ತದೆ. ಡ್ರೈವರನ ಊಟ, ಅವನ ಕೈಗೆ ಕೊಡುವ 'ಎಂಟ್ರಿ' ದುಡ್ಡು ಬೇರೆ.

ರೈತ ಯಾಕೆ ಕೊಡುತ್ತಾನೆ? ಕಬ್ಬು ಕಾಯುವ ಬೆಳೆ ಅಲ್ಲ. ಈ ಭಾಗದಲ್ಲಿ ಹೆಚ್ಚಾಗಿ ಹಾಕುವ ಸಿಒ 86032 ತಳಿ ಹನ್ನೆರಡು ತಿಂಗಳಿಗೆ ಕಟಾವಿಗೆ ಬರುತ್ತದೆ. ಮೇಲೆ ಒಂದೂವರೆ ಎರಡು ತಿಂಗಳು ನಿಂತರೆ ಒಣಗಿ ತೂಕ ಇಳಿಯುತ್ತದೆ, ಕುಳೆಯೂ (ಕಡಿದ ಬುಡದಿಂದ ಏಳುವ ಮರುಬೆಳೆ) ತಡವಾಗುತ್ತದೆ. ಸರದಿ ಹಚ್ಚುವವನು ಕಾರ್ಖಾನೆಯ ಫೀಲ್ಡ್‌ಮನ್. ಸರದಿ ಬಂದ ದಿನ ಗ್ಯಾಂಗ್ ಇಳಿಯದಿದ್ದರೆ ಸರದಿ ಹೋಯಿತು. ರೈತನ ಕೈ ಕಟ್ಟಿದ ಆ ಗಳಿಗೆಯಲ್ಲಿ ಕೇಳಿದ ದುಡ್ಡು ಅವನಿಗೆ ಸುಲಿಗೆಯಾಗಿಯೇ ಕಾಣುತ್ತದೆ, ಅದು ಸಹಜ. ಕೇಳುವವರ ಕಡೆಯಿಂದ ನೋಡಿದರೆ, ಉಚಲಿಗೆ ಜಮೆಯಾಗದೆ ಕೈಗೆ ನೇರ ಬರುವ ನಗದು ಇದೊಂದೇ. ಸಂತೆಯ ದಿನ ಎಣ್ಣೆ, ಬೇಳೆ, ಮಗುವಿನ ಔಷಧಿ ಇದರಿಂದಲೇ. ಈ ಜಗಳದಲ್ಲಿ ಎರಡೂ ಕಡೆಯವರು ಬಡವರು. ದರದ ಚೀಟಿ ಬರೆಯಬೇಕಾದ ಕಾರ್ಖಾನೆ ಮಾತ್ರ ಹೊಲದಲ್ಲಿ ಇರುವುದಿಲ್ಲ.

ಉಳಿದ ತಕರಾರುಗಳೂ ಇದೇ ಜಾತಿಯವು. ಬುಡಕ್ಕೆ ಹಚ್ಚಿ ಕಡಿಯದೆ ಗೇಣುದ್ದ ಬಿಟ್ಟರೆ ರೈತನಿಗೆ ತೂಕವೂ ನಷ್ಟ, ಕುಳೆ ಒಡೆಯುವುದೂ ಕೆಡುತ್ತದೆ. ಬುಡಕ್ಕೆ ಬಗ್ಗಿ ಬಗ್ಗಿ ಕಡಿದವರಿಗೆ ಸೊಂಟ ಬೀಳುತ್ತದೆ. ತುದಿಯ ಹಸಿ ಸೋಗೆ ಯಾರದು ಎಂಬುದಂತೂ ದಿನದ ಜಗಳ. ಗ್ಯಾಂಗಿನವರು ಅದನ್ನು ಕಟ್ಟು ಕಟ್ಟಿ ಮೇವಿಗೆ ಮಾರುತ್ತಾರೆ. ಎಮ್ಮೆ ಕಟ್ಟಿದ ಮನೆಯವರು ತಮ್ಮ ಹೊಲದ ಸೋಗೆಗೆ ದುಡ್ಡು ಯಾಕೆ ಎನ್ನುತ್ತಾರೆ. "ಮನೀ ಎಮ್ಮಿಗಿ ಎರಡ ಕಟ್ಟ, ಉಳಿದದ್ದು ನಿಮಗ" ಎಂದು ಮೊದಲೇ ಮಾತಾದ ಹೊಲಗಳಲ್ಲಿ ಈ ಜಗಳ ಏಳುವುದೇ ಇಲ್ಲ.

2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ ₹3,500 ಬೇಕೆಂದು ರೈತರು ಕೂತು, ₹3,300ಕ್ಕೆ ಮಾತು ನಿಂತಿತು. ಅದೇ ತಿಂಗಳು ಮುಧೋಳ ತಾಲೂಕಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳಿಗೆ ಬೆಂಕಿ ಬಿತ್ತು. ರೈತರ ಬೇಡಿಕೆ ನ್ಯಾಯದ್ದೇ. ಆದರೆ ಕಟಾವು ನಿಂತ ದಿನ ಗ್ಯಾಂಗಿಗೆ ಕೂಲಿಯೂ ಇಲ್ಲ, ಊರಿಗೆ ಮರಳುವ ದಾರಿಯೂ ಇಲ್ಲ. ಕಬ್ಬಿನ ದರದ ಮಾತುಕತೆಗೆ ಕೂತ ಮೇಜಿನಲ್ಲಿ ಕಡಿಯುವವರ ಪರವಾಗಿ ಒಂದು ಕುರ್ಚಿ ಇರಬೇಕಿತ್ತು.

ನಳದ ಜಗಳ

"ಊರ ನೀರು ಖಾಲಿ ಮಾಡ್ತಾರ" ಎಂಬ ದೂರನ್ನು ಅಳೆದು ನೋಡಬಹುದು. ಜಲಜೀವನ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್. 40 ಜನಕ್ಕೆ 2,200 ಲೀಟರ್ ಆಯಿತು. 4,000 ಜನರ ಊರಿಗೆ ಬೇಕಾದದ್ದು 2,20,000 ಲೀಟರ್. ಹೊಸಬರ ಪಾಲು ನೂರಕ್ಕೆ ಒಂದು. ಜಗಳ ನೀರಿನ ಪ್ರಮಾಣದ್ದಲ್ಲ, ಹೊತ್ತಿನದು. ಗ್ಯಾಂಗಿನ ಹೆಣ್ಣುಮಕ್ಕಳು ನಸುಕಿನ ನಾಲ್ಕಕ್ಕೇ ಹೊಲಕ್ಕೆ ಹೋಗಬೇಕು. ನಳ ಬಿಡುವುದು ಏಳಕ್ಕೆ, ಅದೂ ಒಂದು ತಾಸು. ಹೀಗಾಗಿ ಜೋಪಡಿಯಲ್ಲಿ ಉಳಿದ ಎಂಟು ಹತ್ತು ವರ್ಷದ ಹುಡುಗಿಯರು ಹತ್ತು ಕೊಡ ತಂದು ಸಾಲಿನಲ್ಲಿ ಇಡುತ್ತಾರೆ. ಒಬ್ಬ ಹುಡುಗಿಯ ಹಿಂದೆ ಹತ್ತು ಕೊಡ ಕಂಡ ಊರಿನ ಹೆಣ್ಣುಮಗಳಿಗೆ ತಲೆ ಕೆಡುತ್ತದೆ. ಹುಡುಗಿಗೆ ಕನ್ನಡ ಬಾರದು. ಕೊಡ ಉರುಳುತ್ತದೆ, ಬೈಗುಳ ಏಳುತ್ತದೆ, ಸಂಜೆಗೆ ಗಂಡಸರು ಕೂಡುತ್ತಾರೆ.

ಪರಿಹಾರ 2,000 ಲೀಟರಿನ ಒಂದು ಸಿಂಟೆಕ್ಸ್ ಟ್ಯಾಂಕ್ ಮತ್ತು ಕೂಡಿಡಲು ಒಂದೆರಡು ಬ್ಯಾರೆಲ್. ಜೋಪಡಿಗಳ ಹತ್ತಿರ ಕಲ್ಲಿನ ಕಟ್ಟೆಯ ಮೇಲೆ ಟ್ಯಾಂಕ್ ಇಟ್ಟು, ಹತ್ತಿರದ ಹೊಲದ ಕೊಳವೆಬಾವಿಯಿಂದ ತ್ರೀಫೇಸ್ ಕರೆಂಟ್ ಇದ್ದ ಹೊತ್ತಿಗೆ ತುಂಬಿಸಬೇಕು. ಟ್ಯಾಂಕಿನ ಖರ್ಚು ಟ್ರ್ಯಾಕ್ಟರ್ ಮಾಲೀಕನದೋ ಕಾರ್ಖಾನೆಯದೋ ಎಂಬುದನ್ನು ಅಕ್ಟೋಬರಿನಲ್ಲೇ ತೀರ್ಮಾನಿಸಬೇಕು. ಜಗಳವಾದ ಮೇಲೆ ಯಾರೂ ಒಪ್ಪುವುದಿಲ್ಲ. ಎರಡು ತಪ್ಪು ಸಾಮಾನ್ಯವಾಗಿ ಆಗುತ್ತವೆ. ಟ್ಯಾಂಕನ್ನು ಊರಿನ ನಳದ ಪೈಪಿಗೇ ಜೋಡಿಸಿದರೆ ಕೊನೆಯ ಓಣಿಗೆ ನೀರಿನ ಒತ್ತಡ ಇಳಿದು ಜಗಳ ದುಪ್ಪಟ್ಟಾಗುತ್ತದೆ. ನೀರಾವರಿಗೆ ಬಿಡುವ ಸವಳು ನೀರನ್ನೇ ತುಂಬಿದರೆ ಕುಡಿಯಲು ಮತ್ತೆ ನಳಕ್ಕೇ ಬರುತ್ತಾರೆ. ಟ್ಯಾಂಕ್ ಇಡುವ ಮುಂಚೆ ಆ ನೀರಿನಲ್ಲಿ ಬೇಳೆ ಬೇಯುತ್ತದೋ ಇಲ್ಲವೋ ನೋಡಿದರೆ ಸಾಕು, ಊರಿನ ಯಾವ ಅವ್ವನಾದರೂ ಹೇಳುತ್ತಾಳೆ.

ಶೌಚದ ಮಾತು ಯಾರೂ ಸಭೆಯಲ್ಲಿ ಎತ್ತುವುದಿಲ್ಲ. ಹೊಲ ಹೊಲಸಾಯಿತು ಎಂಬ ದೂರು ಮಾತ್ರ ಬರುತ್ತದೆ. ಕತ್ತಲಲ್ಲಿ ಕಬ್ಬಿನ ಸಾಲಿಗೆ ಹೋಗುವ ಹೆಣ್ಣುಮಗಳ ಅಂಜಿಕೆ, ಹಾವು, ತಿಂಗಳ ಮುಟ್ಟಿನ ದಿನಗಳ ಸಂಕಟ ದೂರಿನಲ್ಲಿ ಇರುವುದಿಲ್ಲ. 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿಯೊಂದು ಬೀಡ ಜಿಲ್ಲೆಯ 82,000ಕ್ಕೂ ಹೆಚ್ಚು ಕಬ್ಬು ಕಡಿಯುವ ಹೆಣ್ಣುಮಕ್ಕಳ ಮಾಹಿತಿ ತೆಗೆದಾಗ 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಕೆಲಸ ತಪ್ಪಿದರೆ ದಂಡ, ಮೈಲಿಗಟ್ಟಲೆ ನೀರಿಲ್ಲ, ಮರೆ ಇಲ್ಲ. ಎರಡು ಗುಂಡಿ, ತಗಡಿನ ಮರೆ, ಒಂದು ಚಿಲಕ, ಇಷ್ಟು ಮಾಡಿದರೆ ಹೊಲದವನ ದೂರೂ ತೀರುತ್ತದೆ. ಚಿಲಕ ಇಲ್ಲದ ಮರೆಯನ್ನು ಯಾರೂ ಬಳಸುವುದಿಲ್ಲ. ಅದನ್ನು ಕಂಡು "ಮಾಡಿಕೊಟ್ರೂ ಹೋಗಂಗಿಲ್ಲ" ಎಂದು ಮತ್ತೆ ಅವರಿಗೇ ಅನ್ನುತ್ತಾರೆ.

ಕೇಬಲ್ ಕಳುವು ಮತ್ತು ವದಂತಿ

ಡಿಸೆಂಬರಿನಲ್ಲಿ ಮೋಟಾರಿನ ಕೇಬಲ್ ಹೋಯಿತು. ಕೇಬಲ್ ಕಳುವು ಹಂಗಾಮು ಇರಲಿ ಬಿಡಲಿ ನಡೆಯುವಂಥದ್ದು, ತಾಮ್ರದ ಆಸೆಗೆ. ಗ್ಯಾಂಗ್ ಇದ್ದಾಗ ಹೋದರೆ ಕಳ್ಳ ಯಾರೆಂದು ಮೊದಲೇ ತೀರ್ಮಾನವಾಗಿರುತ್ತದೆ. ಮೊಬೈಲಿನಲ್ಲಿ ಜೋಪಡಿಯ ಫೋಟೊ ಹರಿದಾಡುತ್ತದೆ. ಹಿಂದೆಯೇ "ಮಕ್ಕಳ ಕಳ್ಳರು ಅಂತ", "ಬಾಂಗ್ಲಾದವರು ಅಂತ" ಎಂಬ ಸೇರಿಕೆಗಳು.

ಈ ಹಂತವನ್ನು ಸಣ್ಣದೆಂದು ಬಿಡಬಾರದು. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಅಲೆಮಾರಿ ಗೋಸಾವಿ ಸಮುದಾಯದ ಐವರನ್ನು ಜನ ಬಡಿದು ಕೊಂದರು. ಸತ್ತವರಲ್ಲಿ ಹೆಚ್ಚಿನವರು ನಮ್ಮ ವಿಜಯಪುರ ಜಿಲ್ಲೆಗೆ ಹೊಂದಿಕೊಂಡ, ಸೋಲಾಪುರ ಜಿಲ್ಲೆಯ ಮಂಗಳವೇಢೆಯ ಕಡೆಯವರು. ಹನ್ನೆರಡೇ ದಿನಕ್ಕೆ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಪ್ಪಿಗೆ ಹೈದರಾಬಾದಿನ ಯುವಕನೊಬ್ಬನ ಜೀವ ಹೋಯಿತು.

ವದಂತಿ ಬೆಳೆಯುವುದು ಯಾರೂ ಹೋಗದ ಜಾಗದ ಬಗ್ಗೆ. ಗ್ಯಾಂಗಿಗೆ ಊರಿಂದ ದೂರ, ಕಾಲುವೆಯ ಆಚೆ ಜಾಗ ಕೊಟ್ಟರೆ ತಂಟೆ ಇಲ್ಲ ಎಂದು ಹಿರಿಯರು ತಿಳಿಯುತ್ತಾರೆ. ಫಲ ತಿರುಗುಮುರುಗು. ಜೋಪಡಿಗಳು ಊರಿನ ಕೂಗಳತೆಯಲ್ಲಿ, ಬೀದಿದೀಪದ ಬೆಳಕಿನಲ್ಲಿ, ನಾಲ್ಕು ಜನ ಓಡಾಡುವ ದಾರಿಯ ಬದಿಗೆ ಇದ್ದಾಗ ಎರಡೇ ವಾರದಲ್ಲಿ ಮುಖ ಪರಿಚಯವಾಗುತ್ತದೆ. ಜಾಗ ಎತ್ತರದ್ದಿರಬೇಕು, ಇಲ್ಲದಿದ್ದರೆ ನವೆಂಬರಿನ ಒಂದು ಅಡ್ಡಮಳೆಗೆ ಹಾಸಿಗೆ ತೊಯ್ಯುತ್ತದೆ. ರವದಿ ಸುಡುವ ಹೊಲದಿಂದ ಕನಿಷ್ಠ ನೂರು ಹೆಜ್ಜೆ ದೂರವಿರಬೇಕು, ಕಿಡಿಯೊಂದು ಹಾರಿದರೆ ಹನ್ನೆರಡು ಜೋಪಡಿಯೂ ಉಳಿಯುವುದಿಲ್ಲ.

ಎರಡನೆಯದು ಪಟ್ಟಿ. ಗ್ಯಾಂಗ್ ಇಳಿದ ವಾರದಲ್ಲೇ ಟ್ರ್ಯಾಕ್ಟರ್ ಮಾಲೀಕ ಒಂದು ಪುಟದ ಪಟ್ಟಿಯನ್ನು ಪಿಡಿಒಗೂ ಬೀಟ್ ಪೊಲೀಸರಿಗೂ ಕೊಡಬೇಕು: ಹೆಸರು, ವಯಸ್ಸು, ಮೂಲ ಊರು-ತಾಲೂಕು, ಆರು ವರ್ಷದೊಳಗಿನ ಮಕ್ಕಳು, ಶಾಲೆಯ ವಯಸ್ಸಿನ ಮಕ್ಕಳು, ಬಸುರಿಯರು, ಮುಕಾದಮನ ಫೋನು. ಇದೇ ಪಟ್ಟಿ ಆಶಾ ಕಾರ್ಯಕರ್ತೆಗೂ ಅಂಗನವಾಡಿಗೂ ಹೋಗಬೇಕು. ಪೊಲೀಸರಿಗೆ ಮಾತ್ರ ಕೊಟ್ಟ ಪಟ್ಟಿ ಸಂಶಯದ ಕಾಗದವಾಗುತ್ತದೆ. ನಾಲ್ಕೂ ಕಡೆ ಹೋದದ್ದು ಊರಿನ ಲೆಕ್ಕದ ಕಾಗದವಾಗುತ್ತದೆ. ಕಳುವಾದ ದಿನ ಗ್ಯಾಂಗ್ ಎಲ್ಲಿ ಕಡಿಯುತ್ತಿತ್ತು ಎಂಬುದು ಕಾರ್ಖಾನೆಯ ತೂಕದ ಚೀಟಿಯಲ್ಲೂ ಫೀಲ್ಡ್‌ಮನ್ ವಹಿಯಲ್ಲೂ ಇರುತ್ತದೆ. ಮೊದಲು ಅದನ್ನು ತೆಗೆಸಿ ನೋಡುವ ರೂಢಿ ಬಂದರೆ ಜೋಪಡಿಗೆ ನುಗ್ಗಿ ಗಂಟು ಬಿಚ್ಚಿಸುವ ರೂಢಿ ನಿಲ್ಲುತ್ತದೆ.

ಇಲ್ಲೊಂದು ಹೋಲಿಕೆ ಮನಸ್ಸಿಗೆ ಬರುತ್ತದೆ. ಮುಂಡಗೋಡದಲ್ಲಿ 1966ರಿಂದ ಟಿಬೆಟ್ ನಿರಾಶ್ರಿತರ ವಸಾಹತು ಇದೆ. ಅವರು ಚಳಿಗಾಲದಲ್ಲಿ ಉತ್ತರ ಕರ್ನಾಟಕದ ಪೇಟೆಗಳಿಗೆ ಬಂದು ಸ್ವೆಟರ್ ಮಾರುತ್ತಾರೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಅವರು ಇಲ್ಲಿರುವುದು ನೋಂದಣಿ ಪತ್ರದ ಮೇಲೆ. ಅವರ ವಿಷಯದಲ್ಲಿ ನಮ್ಮ ಪೇಟೆಗಳಲ್ಲಿ ಕಹಿ ಮಾತು ಕೇಳಿಸುವುದು ಕಡಿಮೆ. ಬೀಡದ ಮನುಷ್ಯನಾದರೋ ಈ ದೇಶದ ಪ್ರಜೆ. ಎಲ್ಲಿಯಾದರೂ ಹೋಗುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಅವನೂ ಜೋಳದ ರೊಟ್ಟಿ ತಿನ್ನುವವನೇ, ಪಂಢರಪುರಕ್ಕೂ ಚಿಂಚಲಿ ಮಾಯಕ್ಕನಿಗೂ ನಡೆದುಕೊಳ್ಳುವವನೇ. ಆದರೂ ಪರದೇಶಿ ಅನ್ನಿಸಿಕೊಳ್ಳುವವನು ಇವನು. ಸ್ವೆಟರ್ ಮಾರುವವರು ತಮ್ಮ ಸರಕು ತಂದು, ಜಾಗದ ಬಾಡಿಗೆ ಕಟ್ಟಿ, ಹೋಗುತ್ತಾರೆ. ಊರಿನ ಯಾರೊಬ್ಬರ ಹಂಗಿನಲ್ಲೂ ಅವರಿಲ್ಲ, ಊರಿನವರು ಅವರ ಹಂಗಿನಲ್ಲೂ ಇಲ್ಲ. ಗ್ಯಾಂಗಿನ ಜೊತೆಗೆ ಹಂಗು ಎರಡೂ ಕಡೆ ಬಿಗಿಯಾಗಿದೆ. ಭಾಷೆ, ಬಟ್ಟೆ, ದೇವರು ಎಷ್ಟೇ ಹತ್ತಿರವಿದ್ದರೂ ದುಡ್ಡಿನ ಕರಾರು ಹದಗೆಟ್ಟಲ್ಲಿ ಮನುಷ್ಯ ಹೊರಗಿನವನಾಗುತ್ತಾನೆ.

ಭಾಷೆ

ಭಾಷೆಯ ಸಿಟ್ಟು ತಾನಾಗಿ ಊರಿನಲ್ಲಿ ಹುಟ್ಟುವುದು ಕಡಿಮೆ. ರಾಯಬಾಗ, ಅಥಣಿ, ಚಿಕ್ಕೋಡಿಯ ರೈತರಿಗೆ ಎರಡೂ ಭಾಷೆ ನಾಲಿಗೆಯ ಮೇಲಿವೆ. ಮುಧೋಳದ ಕಡೆ ಕಷ್ಟ, ಆದರೂ 'ದಾದಾ', 'ಅಣ್ಣಾ', 'ಮಾವಶಿ', 'ಅಕ್ಕಾ' ಎಂದು ಬೆರಸಿ ಕೆಲಸ ಸಾಗುತ್ತದೆ. ತೊಂದರೆ ಬರುವುದು ಪೇಟೆಯ ಗಾಳಿ ಬೀಸಿದಾಗ. 2022ರ ಡಿಸೆಂಬರಿನಲ್ಲಿ ಹಿರೇಬಾಗೇವಾಡಿ ಟೋಲಿನ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು. 2025ರ ಫೆಬ್ರುವರಿಯಲ್ಲಿ ಬೆಳಗಾವಿಯ ಹತ್ತಿರ ಮರಾಠಿ ಮಾತಾಡಲಿಲ್ಲವೆಂದು ಕಂಡಕ್ಟರನ ಮೇಲೆ ಕೈ ಮಾಡಿದ ಪ್ರಕರಣದ ನಂತರ ಎರಡೂ ರಾಜ್ಯದ ಬಸ್ಸು ನಿಂತವು. ಊರಿನಿಂದ ಸಾವಿನ ಸುದ್ದಿ ಬಂದರೂ ಅಂಥ ದಿನಗಳಲ್ಲಿ ಗ್ಯಾಂಗಿನವರು ಹೊರಡಲಾರರು. ಗಡಿಯ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಅದನ್ನು ಕಬ್ಬಿನ ಹೊಲಕ್ಕೆ ತರುವ ಅಗತ್ಯ ಯಾರಿಗೂ ಇಲ್ಲ.

ನಮ್ಮ ಊರುಗಳಿಗೆ 'ಗುಳೆ' ಎಂಬ ಮಾತು ಹೊಸದೂ ಅಲ್ಲ. ಮುದ್ದೇಬಿಹಾಳ, ಇಂಡಿ, ಹುನಗುಂದ, ಬಾದಾಮಿಯ ಕಡೆಯ ಜನ ಗೋವಾ, ಪುಣೆ, ಮಂಗಳೂರಿಗೆ ದುಡಿಯಲು ಹೋಗುತ್ತಾರೆ. 2017ರ ಸೆಪ್ಟೆಂಬರಿನಲ್ಲಿ ವಾಸ್ಕೋದ ಬೈನಾ ದಂಡೆಯಲ್ಲಿ ಕನ್ನಡಿಗರ ಮನೆಗಳನ್ನು ಕೆಡವಿದಾಗ ಅಲ್ಲಿ ಕೇಳಿಬಂದದ್ದೂ ಇದೇ ಮಾತು, ಹೊರಗಿನವರು ಎಂದು. ಕಟ್ಟೆಯ ಸಭೆಯಲ್ಲಿ ಈ ಮಾತನ್ನು ಉಪದೇಶದಂತೆ ಹೇಳಿದರೆ ಯಾರೂ ಕಿವಿಗೊಡುವುದಿಲ್ಲ. ಗೋವಾದಿಂದ ಮರಳಿದವನೇ ಎದ್ದು ಹೇಳಿದರೆ ಸಭೆ ಸುಮ್ಮನಾಗುತ್ತದೆ. ಅಂಥವರು ಪ್ರತಿ ಊರಲ್ಲೂ ಇದ್ದಾರೆ, ಸಭೆಗೆ ಅವರನ್ನು ಕರೆಯಬೇಕು.

ರೇಷನ್, ಅಂಗನವಾಡಿ, ಶಾಲೆ

"ನಮ್ಮ ರೇಷನ್ ಇವರಿಗೆ ಹೋಗ್ತೈತಿ" ಎಂಬುದು ಪೂರ್ತಿ ತಪ್ಪು ತಿಳಿವಳಿಕೆ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಮಹಾರಾಷ್ಟ್ರದ ಚೀಟಿದಾರರು ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಆಧಾರ್ ಸಂಖ್ಯೆ ಹೇಳಿ ಹೆಬ್ಬಟ್ಟು ಒತ್ತಿದರೆ ಕೇಂದ್ರದ ಪಾಲಾದ ತಲೆಗೆ 5 ಕೆ.ಜಿ. ಸಿಗುತ್ತದೆ. ಅನ್ನಭಾಗ್ಯದ ಹೆಚ್ಚುವರಿ ಪಾಲು ಕರ್ನಾಟಕದ ಚೀಟಿಗೆ ಮಾತ್ರ. ಪಾಲನ್ನು ಭಾಗ ಮಾಡಿಯೂ ಎತ್ತಬಹುದು: ಇಲ್ಲಿ ಇಬ್ಬರದ್ದು, ಊರಲ್ಲಿ ಮುದುಕರದ್ದು. ಕೆಡುವುದು ಎರಡು ಕಡೆ. ಅಂಗಡಿಯವನಿಗೆ ಬರುವ ದಾಸ್ತಾನು ತನ್ನ ಚೀಟಿಗಳ ಲೆಕ್ಕದ್ದು, 40 ಜನ ಹೆಚ್ಚಾದರೆ ತಿಂಗಳ ಕೊನೆಗೆ ಸ್ಥಳೀಯರಿಗೆ ಕಡಿಮೆ ಬಿದ್ದೀತೆಂದು 'ಸ್ಟಾಕ್ ಇಲ್ಲ' ಎನ್ನುತ್ತಾನೆ. ಪಟ್ಟಿ ತೋರಿಸಿ ತಾಲೂಕಿನ ಆಹಾರ ಶಾಖೆಯಿಂದ ಹೆಚ್ಚುವರಿ ದಾಸ್ತಾನು ಮೊದಲೇ ಕೇಳಬೇಕು. ಇನ್ನೊಂದು, ಕಬ್ಬು ಕಡಿದು ಬೆರಳು ಸವೆದು ಹೆಬ್ಬಟ್ಟು ಹತ್ತುವುದಿಲ್ಲ. ಕೈ ತೊಳೆದು ಎಣ್ಣೆ ಒರೆಸಿ ಬೇರೆ ಬೆರಳು ಇಡಬೇಕು, ಆಗದಿದ್ದರೆ ಆಧಾರಿಗೆ ಜೋಡಿಸಿದ ಮೊಬೈಲಿನ ಒಟಿಪಿ ಇಲ್ಲವೇ ಕಣ್ಣಿನ ಗುರುತು ಕೇಳಬೇಕು. ಹಿಟ್ಟಿಗೆ ಜೋಳವನ್ನು ಅವರು ಸಂತೆಯಲ್ಲಿ ಕೊಳ್ಳುತ್ತಾರೆ. ಕಿರಾಣಿ, ಗಿರಣಿ, ಸೈಕಲ್ ರಿಪೇರಿಯವರು ಗ್ಯಾಂಗಿನ ವಿರುದ್ಧದ ಅರ್ಜಿಗೆ ಸಹಿ ಹಾಕುವುದು ಅಪರೂಪ.

ಮಕ್ಕಳ ವಿಷಯದಲ್ಲಿ ಕ್ರಮ ತಪ್ಪಿದರೆ ಎಲ್ಲ ತಪ್ಪುತ್ತದೆ. ಮೊದಲು ಅಂಗನವಾಡಿ, ಆಮೇಲೆ ಶಾಲೆ. ತಮ್ಮನನ್ನು ಎತ್ತಿಕೊಂಡು ಕೂರುವ ಒಂಬತ್ತರ ಹುಡುಗಿಯನ್ನು ಶಾಲೆಗೆ ಸೇರಿಸಿದರೆ ಮೂರನೇ ದಿನ ಬರುವುದಿಲ್ಲ. ತಮ್ಮನಿಗೆ ಅಂಗನವಾಡಿಯಲ್ಲಿ ಜಾಗ ಸಿಕ್ಕರೆ ಅಕ್ಕ ತಾನಾಗಿ ಬರುತ್ತಾಳೆ. ಸ್ಥಳೀಯ ದಾಖಲೆ ಇಲ್ಲವೆಂದು ಅಂಗನವಾಡಿಯವರು ಹಿಂದೆ ಕಳಿಸುವಂತಿಲ್ಲ. ಅಂಗನವಾಡಿಯ ಲೆಕ್ಕ ಬರೆಯುವ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ವಲಸೆ ಬಂದವರನ್ನು ಸೇರಿಸಿಕೊಳ್ಳುವ ಅವಕಾಶವಿದೆ.

ಶಾಲೆಯಲ್ಲಿ ಮುಖ್ಯಗುರುಗಳ ಮೊದಲ ಪ್ರಶ್ನೆ ಟಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು, ಟಿಸಿ ತಡವಾಯಿತೆಂದು ಪ್ರವೇಶ ನಿಲ್ಲಿಸಬಾರದು ಎನ್ನುತ್ತದೆ. 4ನೇ ಕಲಮಿನ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಕೂರಿಸಬೇಕು. ಗುರುಗಳ ನಿಜವಾದ ಅಂಜಿಕೆ ಬೇರೆ: ಏಪ್ರಿಲಿನಲ್ಲಿ ಮಗು ಹೋದಾಗ ತಮ್ಮ ಶಾಲೆಯ ಲೆಕ್ಕಕ್ಕೆ 'ಶಾಲೆ ಬಿಟ್ಟ ಮಗು' ಎಂದು ಬೀಳುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಿಂದ ಟೆಂಟ್ ಶಾಲೆಯ ಮಾದರಿಯಲ್ಲಿ ವಲಸೆ ಮಕ್ಕಳ ಪ್ರತ್ಯೇಕ ಹಾಜರಿ ಪಟ್ಟಿ ಮಾಡಿಸಿ, ಬಿಸಿಯೂಟದ ಎಣಿಕೆಗೂ ಅದನ್ನೇ ಹಿಡಿದರೆ ಅಂಜಿಕೆ ಹೋಗುತ್ತದೆ. ಬೆಳಗಾವಿ ಜಿಲ್ಲೆಯಲ್ಲಿ ಮರಾಠಿ ಮಾಧ್ಯಮದ ಸರ್ಕಾರಿ ಶಾಲೆ ಹತ್ತಿರದಲ್ಲೇ ಸಿಕ್ಕೀತು, ಮುಧೋಳದ ಹಳ್ಳಿಯಲ್ಲಿ ಸಿಗುವುದು ಕಷ್ಟ. ಅಲ್ಲಿ ಮಕ್ಕಳಿಗೆ ನಾಗರಿ ಲಿಪಿ ಗೊತ್ತಿರುವುದನ್ನೇ ಹಿಡಿಯಬಹುದು: ಆರನೇ ತರಗತಿಯ ಹಿಂದಿ ಪುಸ್ತಕ, ಗಣಿತದ ಲೆಕ್ಕ, ಜೊತೆಗೆ ಕನ್ನಡದ ಮಾತು. ಸಂಕ್ರಾಂತಿಯ ಹೊತ್ತಿಗೆ ಕನ್ನಡದಲ್ಲಿ ಜಗಳವಾಡುವಷ್ಟು ಕಲಿತಿರುತ್ತಾರೆ. ನಳದ ಸಾಲಿನಲ್ಲಿ ದುಭಾಷಿಗಳೂ ಅವರೇ.

ಬಸುರಿಯರಿಗೆ ಮಹಾರಾಷ್ಟ್ರದ ತಾಯಿ-ಮಗು ಕಾರ್ಡ್ ಇದ್ದರೆ ಆಶಾ ಅದರ ಮೇಲೆಯೇ ಬರೆಯಬೇಕು, ಹೊಸದನ್ನು ಮಾಡಿದರೆ ಚುಚ್ಚುಮದ್ದಿನ ಲೆಕ್ಕ ತಪ್ಪುತ್ತದೆ. ಇಲ್ಲಿ ಹುಟ್ಟಿದ ಮಗುವಿನ ಜನನ ಇಲ್ಲೇ, ಇ-ಜನ್ಮ ತಂತ್ರಾಂಶದಲ್ಲಿ, 21 ದಿನದೊಳಗೆ ನೋಂದಣಿಯಾಗಬೇಕು. ತಂದೆ-ತಾಯಿಯ ಹೆಸರನ್ನು ಅವರ ಆಧಾರ್ ನೋಡಿ ಅಕ್ಷರ ಅಕ್ಷರ ಬರೆಸಬೇಕು. ಹೆಸರಿನ ಒಂದು ಅಕ್ಷರ ತಿದ್ದಿಸಲು ಬೀಡದಿಂದ ಮುಧೋಳಕ್ಕೆ ಬರುವ ಖರ್ಚು ಅವರ ಎಷ್ಟೋ ದಿನದ ದುಡಿಮೆ.

ಅರ್ಜಿಗೆ ಏನು ಉತ್ತರ

ಸೀಮೆ ದಾಟಿಸಿ ಎಂಬ ಅರ್ಜಿಯ ಮೇಲೆ ಪಂಚಾಯ್ತಿಗೆ ಹಾಗೆ ಮಾಡುವ ಅಧಿಕಾರವೇ ಇಲ್ಲ. ಹಾಗೆಂದು ಅರ್ಜಿಯನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಸಹಿ ಹಾಕಿದವರ ಮೂರು ದೂರೂ (ಖುಷಾಲಿ, ನಳ, ಕಳುವು) ನಿಜವಾದ ನೋವಿನಿಂದ ಬಂದವು. ಕೂಡಬೇಕಾದವರು ಐದು ಕಡೆಯವರು: ಪಿಡಿಒ, ಟ್ರ್ಯಾಕ್ಟರ್ ಮಾಲೀಕ, ಮುಕಾದಮ, ಫೀಲ್ಡ್‌ಮನ್, ಅರ್ಜಿದಾರರ ಪರ ಇಬ್ಬರು ಮೂವರು. ಗ್ಯಾಂಗಿನ ಒಬ್ಬ ಹೆಣ್ಣುಮಗಳೂ ಬರಬೇಕು, ಮುಕಾದಮನ ಬಾಯಿಯೊಂದರಿಂದ ನೀರು-ಶೌಚದ ಮಾತು ಬರುವುದಿಲ್ಲ. ಸಭೆ ಸಂಜೆ ಏಳರ ಮೇಲೆ ಇರಬೇಕು, ಹಗಲಿಗಿಟ್ಟರೆ ಅವರ ಅರ್ಧ ದಿನದ ಕೂಲಿ ಹೋಗುತ್ತದೆ.

ಖುಷಾಲಿ ಕಟ್ಟುನಿಟ್ಟಾಗಿ ಬಂದ್ ಎಂದು ಬೋರ್ಡ್ ಹಾಕಿದ ಊರುಗಳಲ್ಲಿ ಅದು ಬಾಗಿಲ ಮರೆಗೆ ಹೋಗುತ್ತದೆ. ದೂರು ಕೊಟ್ಟ ರೈತನ ಹೊಲಕ್ಕೆ ಗ್ಯಾಂಗ್ ಕೊನೆಗೆ ಬರುತ್ತದೆ. ಸರದಿಯ ಪಟ್ಟಿಯನ್ನು ನಾಟಿಯ ದಿನಾಂಕದ ಸಮೇತ ಹಾಲಿನ ಡೇರಿಯ ಗೋಡೆಗೆ ಹಚ್ಚಿಸುವುದು ಇದಕ್ಕಿಂತ ಮೇಲು. ಸರದಿ ಎಲ್ಲರ ಕಣ್ಣಿಗೆ ಬಿದ್ದರೆ ಕೇಳುವ ಬಲವೂ ಕೊಡುವ ಅಂಜಿಕೆಯೂ ಇಳಿಯುತ್ತವೆ. ಕಡಿಯುವ ದರವನ್ನು ಕಾರ್ಖಾನೆ ಮರಾಠಿಯಲ್ಲೂ ಕನ್ನಡದಲ್ಲೂ ಬರೆದು ಅದೇ ಗೋಡೆಗೆ ಹಚ್ಚಬೇಕು. "ಅವರು ನಮ್ಮ ಕಾರ್ಮಿಕರಲ್ಲ, ಗುತ್ತಿಗೆದಾರನ ಜನ" ಎಂಬ ಉತ್ತರ ಬಂದರೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯನ್ನು ಮುಂದಿಡಬೇಕು. ಹತ್ತು ಅಥವಾ ಹೆಚ್ಚು ಅಂತರರಾಜ್ಯ ವಲಸೆ ಕಾರ್ಮಿಕರು ಇರುವಲ್ಲಿ ಅದರ ವಲಸೆ ಕಾರ್ಮಿಕರ ಅಧ್ಯಾಯ ಅನ್ವಯಿಸುತ್ತದೆ. ಈ ಗ್ಯಾಂಗಿನಲ್ಲಿ ದುಡಿಯುವವರೇ 24 ಜನ ಇದ್ದಾರೆ. ಯಂತ್ರ ತಂದರೆ ತಂಟೆಯೇ ಇಲ್ಲ ಎನ್ನುವವರೂ ಸಭೆಯಲ್ಲಿರುತ್ತಾರೆ. ಎಕರೆ, ಅರ್ಧ ಎಕರೆಯ ತುಂಡು ಹೊಲದಲ್ಲಿ, ಮೂರಡಿ ಸಾಲಿನಲ್ಲಿ ಯಂತ್ರ ತಿರುಗುವುದಿಲ್ಲ. ಸದ್ಯಕ್ಕೆ ಮಾತು ಅಷ್ಟೇ.

ಹೊರಡುವ ವಾರದ ಲೆಕ್ಕಕ್ಕೆ ಸಾಕ್ಷಿ ಬೇಕು. ಕಾರ್ಖಾನೆ ನಿಂತ ಮೇಲೆ ಮಾಲೀಕ ಮತ್ತು ಮುಕಾದಮ ಇಬ್ಬರೇ ಕೂತು ಜೋಡಿಗಳ ಲೆಕ್ಕ ಹರಿಯುತ್ತಾರೆ. ಜೋಡಿಗೊಂದು ಹಾಳೆ ಬರೆಸಬೇಕು: ಉಚಲ್ ಎಷ್ಟು, ಕಡಿದ ಟನ್ ಎಷ್ಟು, ದರ ಎಷ್ಟು, ಮುಕಾದಮನ ಕಮಿಷನ್ ಎಷ್ಟು, ಉಳಿದದ್ದೆಷ್ಟು. ಓಡಿಹೋದವರ ಬಾಕಿಗೆ ಆ ಹಾಳೆಯಲ್ಲಿ ಜಾಗ ಇರಬಾರದು. ಒಂದು ಪ್ರತಿ ಜೋಡಿಯ ಕೈಗೆ, ಒಂದು ಪಂಚಾಯ್ತಿಗೆ. ಅದೇ ದಿನ ಶಾಲೆಯಿಂದ ಹಾಜರಿಯ ಚೀಟಿ, ಆಶಾಳಿಂದ ಚುಚ್ಚುಮದ್ದಿನ ಕಾರ್ಡು ಅವರ ಗಂಟಿಗೆ ಸೇರಬೇಕು. ಟ್ಯಾಂಕನ್ನು ತೊಳೆದು ಪಂಚಾಯ್ತಿಯ ಗೋದಾಮಿನಲ್ಲಿ ಮಗುಚಿ ಇಡಬೇಕು, ಅಕ್ಟೋಬರಿನಲ್ಲಿ ಮತ್ತೆ ಬೇಕಾಗುತ್ತದೆ.